ಎಂಟೂ ಹತ್ತರ ವ್ಯಾನು

ವ್ಯಾನು ಬೀದಿಯ ತಿರುವಿಗೆ ಬರುವುದು ಎಂಟೂ ಹತ್ತಕ್ಕೆ. ಐದು ನಿಮಿಷ ನಿಲ್ಲುತ್ತದೆ, ಆರನೆಯ ನಿಮಿಷಕ್ಕೆ ಹೊರಡುತ್ತದೆ. ಡ್ರೈವರಿಗೆ ಕರುಣೆ ಇಲ್ಲವೆಂದಲ್ಲ. ಒಳಗೆ ಹನ್ನೊಂದು ಮಕ್ಕಳು ಕುಳಿತಿರುತ್ತಾರೆ. ಗಾಡಿ ನಿಂತಲ್ಲೇ ನಿಂತರೆ ಒಂದು ಮಗು ಕಿರುಚಲು ಶುರುಮಾಡುತ್ತದೆ, ಅದನ್ನು ಕೇಳಿ ಇನ್ನೊಂದು, ಆಮೇಲೆ ಶಾಲೆ ಮುಟ್ಟುವವರೆಗೂ ಯಾರನ್ನೂ ಸಮಾಧಾನ ಮಾಡಲಾಗುವುದಿಲ್ಲ.

ಇದನ್ನೆಲ್ಲ ಶಾಲೆಯ ದೊಡ್ಡ ಟೀಚರ್ ಮೊದಲ ದಿನವೇ ಅಜ್ಜಿಯನ್ನೂ ಅವಳ ಸೊಸೆಯನ್ನೂ ಎದುರಿಗೆ ಕೂರಿಸಿಕೊಂಡು ಬಿಡಿಸಿ ಹೇಳಿದ್ದರು. ಒಂದು ತಿಂಗಳು ನೋಡುತ್ತೇವೆ. ಮಗು ಸಮವಸ್ತ್ರ ಹಾಕಿಕೊಂಡು ತನ್ನ ಕಾಲ ಮೇಲೆ ನಡೆದು ಬಂದು ವ್ಯಾನು ಹತ್ತಬೇಕು. ಎಳೆದು ತಂದು ಹತ್ತಿಸಿದ ಮಗುವನ್ನು ನಾವು ಬಿಟ್ಟುಕೊಳ್ಳುವುದಿಲ್ಲ, ಅದು ಮಗುವಿಗೂ ಒಳ್ಳೆಯದಲ್ಲ, ಉಳಿದವರಿಗೂ ಒಳ್ಳೆಯದಲ್ಲ. ಎರಡು ದಿನ ತಪ್ಪಿದರೆ ತಪ್ಪಲಿ. ಮೂರನೆಯ ದಿನ ತಪ್ಪಿದರೆ ಆ ಜಾಗ ಪಟ್ಟಿಯಲ್ಲಿರುವ ಮುಂದಿನ ಮಗುವಿಗೆ.

ಆ ಎರಡು ದಿನ ಮೊದಲ ವಾರದಲ್ಲೇ ತಪ್ಪಿ ಹೋಗಿದ್ದವು. ಆಮೇಲೆ ಸತತ ಹದಿನಾರು ದಿನ ಒಂದೂ ತಪ್ಪಲಿಲ್ಲ. ಇನ್ನು ಉಳಿದಿದ್ದದ್ದು ಒಂದೇ ದಿನ, ಶುಕ್ರವಾರ. ಅದು ದಾಟಿದರೆ ಜಾಗ ಗಟ್ಟಿ.

ಮಗುವಿಗೆ ಗಿಣಿ ಎಂದು ಹೆಸರು ಬಿದ್ದದ್ದು ಒಂದು ವರ್ಷದವಳಿದ್ದಾಗ. ಆಗ ಅಮ್ಮ, ಹಾಲು, ಬಾ ಎಂದು ಮೂರು ಮಾತು ಆಡುತ್ತಿದ್ದಳು. ಎರಡು ತುಂಬುವುದರೊಳಗೆ ಆ ಮೂರೂ ಹೋದವು, ಹೆಸರು ಮಾತ್ರ ಉಳಿಯಿತು. ಡಾಕ್ಟರು ಆಟಿಸಂ ಎಂದರು. ಗಿಣಿಯ ಅಪ್ಪ, ಎಂದರೆ ಅಜ್ಜಿಯ ಮಗ, ಆ ಪದವನ್ನು ಒಂದು ವರ್ಷ ಹೇಗೋ ಸಹಿಸಿಕೊಂಡ. ಆಮೇಲೆ ಬೇರೆ ಊರಿನಲ್ಲಿ ಬೇರೆ ಸಂಸಾರ ಹೂಡಿದ. ಅಜ್ಜಿ ಮಗನ ಹಿಂದೆ ಹೋಗಲಿಲ್ಲ, ಸೊಸೆಯ ಹತ್ತಿರವೇ ಉಳಿದಳು. ಯಾರಾದರೂ ಕೆಣಕಿ ಕೇಳಿದರೆ, "ಅವನಿಗೆ ಬಟ್ಟೆ ಹಾಕ್ಕೊಳೋಕೆ ಬರುತ್ತೆ. ನಾನ್ಯಾಕೆ ಅವನ ಹಿಂದೆ?" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಸೊಸೆಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಬೆಳಗ್ಗೆ ಐದಕ್ಕೇ ಮನೆ ಬಿಡಬೇಕು, ಮರಳುವುದು ಎರಡಕ್ಕೆ. ಹಾಗಾಗಿ ಗಿಣಿಗೆ ಬಟ್ಟೆ ಹಾಕಿ ವ್ಯಾನಿಗೆ ಬಿಡುವ ಕೆಲಸ ಅಜ್ಜಿಯದು. ಬಿಟ್ಟು ಬಂದ ಮೇಲೆ ಅಜ್ಜಿಯೂ ಕೆಳಗಿನ ಬೀದಿಯ ಹೊಲಿಗೆ ಅಂಗಡಿಗೆ ಹೋಗುತ್ತಾಳೆ. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಜಿಪ್ಪು ಬದಲಿಸುವುದು, ದಪ್ಪಗಾದವರ ಬಟ್ಟೆ ಬಿಚ್ಚಿ ಅಗಲ ಮಾಡುವುದು, ತೆಳ್ಳಗಾದವರದು ಹಿಡಿಯುವುದು. ಹದಿನೆಂಟನೆಯ ವಯಸ್ಸಿಗೆ ಹಿಡಿದ ಕತ್ತರಿ, ಎಪ್ಪತ್ತಾದರೂ ಕೈಬಿಟ್ಟಿಲ್ಲ.

ಅಂಗಡಿಗೆ ಹೋಗದೆ ಅಜ್ಜಿ ಮನೆಯಲ್ಲೇ ಮೊಮ್ಮಗಳನ್ನು ನೋಡಿಕೊಂಡಿದ್ದರೆ ಆಗದೇ ಎಂದರೆ, ಹೊಲಿಗೆಯನ್ನು ಮನೆಗೇ ತರಿಸಿಕೊಂಡು ಹಾಗೆಯೇ ಐದು ವರ್ಷ ನಡೆದಿತ್ತು. ಆದರೆ ಗಿಣಿ ಬೆಳೆದಳು, ಅಜ್ಜಿ ಕುಗ್ಗಿದಳು. ಹೋದ ವರ್ಷ ಒಂದು ಬೆಳಗ್ಗೆ ಬಾಗಿಲು ತೆಗೆದುಕೊಂಡು ಓಡಹೊರಟ ಗಿಣಿಯನ್ನು ಹಿಡಿಯಲು ಹೋಗಿ ಅಜ್ಜಿ ಮೆಟ್ಟಿಲ ಮೇಲೆ ಬಿದ್ದು ಎಡ ಮಣಿಕಟ್ಟು ಮುರಿದುಕೊಂಡಳು. ಏಳಲಾಗದೆ ಅಲ್ಲೇ ಬಿದ್ದಿದ್ದಳು. ಗಿಣಿ ಬರಿಮೈಯಲ್ಲಿ ಬಸ್ಸುಗಳ ನಡುವೆ ಕಿವಿ ಮುಚ್ಚಿಕೊಂಡು ನಿಂತಿದ್ದಳಂತೆ. ಯಾರೋ ಪುಣ್ಯಾತ್ಗಿತ್ತಿ ತನ್ನ ಕೋಟು ಹೊದಿಸಿ ಕರೆತಂದಳು. ಆ ಸಂಜೆ ಸೊಸೆ ರೈಲಿನಲ್ಲಿ ಆರು ಗಂಟೆ ದೂರದ ಒಂದು ಆಶ್ರಯ ಶಾಲೆಗೆ ಫೋನ್ ಮಾಡಿ ಫಾರಂ ತರಿಸಿಕೊಂಡಳು. ಅಲ್ಲಿ ಮಕ್ಕಳನ್ನು ಬಿಟ್ಟು ಬರುವುದು. ವರ್ಷಕ್ಕೆ ಎರಡು ಸಲ ನೋಡಬಹುದು.

"ನೋಡಿ ಅತ್ತೆ, ಈ ವ್ಯಾನಿನ ಶಾಲೆ ಆಯ್ತೋ, ಸರಿ. ಆಗಲಿಲ್ವೋ, ನಾನು ಆ ಫಾರಂ ತುಂಬ್ತೀನಿ. ನನ್ನ ತಡೀಬೇಡಿ" ಎಂದಿದ್ದಳು ಸೊಸೆ.

"ನಾನ್ಯಾಕೆ ತಡೀಲಿ?" ಎಂದಿದ್ದಳು ಅಜ್ಜಿ. "ಅದು ಬೇಕಾಗೋದೇ ಇಲ್ಲ. ಬಟ್ಟೆ ಹಾಕೋದು ತಾನೆ? ಇಷ್ಟು ವರ್ಷ ನಾನು ಮಾಡಿದ್ದು ಇನ್ನೇನು?"

ಆದರೂ ಆ ಎರಡು ದಿನ ತಪ್ಪಿದಾಗ ಅಜ್ಜಿಯ ಜಂಭ ಇಳಿದಿತ್ತು. ಆಮೇಲೆ ಅವಳು ಒಂದೊಂದೇ ಕಲಿತಳು. ಹೊಸಬರ ಮೈ ಅಳತೆ ತೆಗೆದುಕೊಳ್ಳುವ ಹಾಗೆ, ಈ ಮಗುವಿನ ಬೆಳಗನ್ನು ಅಳೆದಳು.

ಕೆಲಸ ಒಂದು ಗಂಟೆಯದು, ಏಳಕ್ಕೆ ಶುರು. ಮೊದಲು ಫ್ಯಾನು ಆರಿಸಬೇಕು, ಗಾಳಿ ಬರಿಮೈಗೆ ತಾಗಿದರೆ ಗಿಣಿಗೆ ಚುಚ್ಚಿದ ಹಾಗಾಗುತ್ತದೆ. ಬಟ್ಟೆಗಳನ್ನು ಅಜ್ಜಿ ಮಡಿಸಿ ತನ್ನ ಹೊದಿಕೆಯೊಳಗೇ ಇಟ್ಟುಕೊಂಡು ಮಲಗಿರುತ್ತಾಳೆ, ತಣ್ಣನೆಯ ಬಟ್ಟೆ ಮಗುವಿಗೆ ಆಗದು. ಅವನ್ನು ಮಂಚದ ಮೇಲೆ ಎಡದಿಂದ ಬಲಕ್ಕೆ ಸಾಲಾಗಿ ಇಡಬೇಕು. ಚಡ್ಡಿ, ಬನಿಯನ್ನು, ತಿಳಿನೀಲಿ ಅಂಗಿ, ಸ್ಕರ್ಟು, ಕಾಲುಚೀಲ. ಕಾಲುಚೀಲ ಒಳಮೈ ಹೊರಗೆ ಮಾಡಿ ಹಾಕಬೇಕು, ಬೆರಳ ತುದಿಯ ಹೊಲಿಗೆ ಚರ್ಮಕ್ಕೆ ತಾಗದಂತೆ. ಪ್ರತಿಯೊಂದಕ್ಕೂ ಮುಂಚೆ ಎರಡೂ ಹೆಗಲನ್ನು ಗಟ್ಟಿಯಾಗಿ ಒತ್ತಬೇಕು. ಮೆಲ್ಲಗೆ ಸವರಿದರೆ ಕೆಟ್ಟಿತು, ಸವರುವುದು ಗಿಣಿಗೆ ಇರುವೆ ಹರಿದ ಹಾಗೆ. ಮಾತು ಮೂರೇ: ಕಾಲು, ತಲೆ, ಕೈ. "ಬೇಗ" ಎಂಬ ಮಾತು ಆ ಕೋಣೆಯಲ್ಲಿ ಹುಟ್ಟಲೇಬಾರದು. ಅಂಗಿ ಬಂದಾಗ ಎಡತೋಳು ಮೊದಲು. ಎಡಗೈ ಹೊರಗೆ ಬಂದ ಮೇಲೆ ಗಿಣಿ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಾಳೆ, ಮೂಗಿನಲ್ಲಿ ಒಂದೇ ಸ್ವರ ಎಳೆಯುತ್ತ. ಅವಳ ಎಡಗೈ ಬೆರಳುಗಳು ತೋಳಿನ ತುದಿಯಲ್ಲಿ ಏನೋ ಆಡುತ್ತಿರುತ್ತವೆ. ಅಜ್ಜಿ ಅದನ್ನು ಗಮನಿಸಿದವಳಲ್ಲ, ಆ ಹೊತ್ತಿಗೆ ಅವಳ ಕಣ್ಣು ಬಲತೋಳನ್ನು ಬಿಡಿಸಿ ಹಿಡಿಯುವುದರಲ್ಲಿರುತ್ತದೆ. ಸ್ವರ ತಗ್ಗಿತೆಂದರೆ ಬಲಗೈ ತಾನಾಗಿಯೇ ಬರುತ್ತದೆ. ಆಮೇಲೆ ಗುಂಡಿಗಳು, ಕೆಳಗಿನಿಂದ ಮೇಲಕ್ಕೆ.

ಹೀಗೆ ಹದಿನಾರು ದಿನ.

ಗುರುವಾರ ಅಂಗಡಿಯಲ್ಲಿ ಅಜ್ಜಿಯದೇ ಮಾತು. ಅಂಗಡಿಯ ಯಜಮಾನ, ಅಜ್ಜಿಗಿಂತ ಇಪ್ಪತ್ತು ವರ್ಷ ಚಿಕ್ಕವ, ನಾಲಗೆ ಮಾತ್ರ ಅವಳಿಗಿಂತ ಉದ್ದ.

"ನಾಳೆ ಪರೀಕ್ಷೆ ಮೊಮ್ಮಗಳಿಗೋ ಅಜ್ಜಿಗೋ?" ಎಂದ ಅವನು.

"ನನಗೇ ಕಣಪ್ಪ. ಪಾಸಾದ್ರೆ ಸ್ವೀಟು ಕೊಡಿಸ್ತೀನಿ."

"ಸ್ವೀಟು ಬೇಡ. ನನ್ನ ಗಿರಾಕಿಗಳನ್ನ ಬಿಟ್ಟುಬಿಡಿ ಸಾಕು."

ಅಜ್ಜಿ ಆಗತಾನೇ ಒಬ್ಬ ದೊಡ್ಡ ಮನುಷ್ಯನ ಕೋಟಿನ ಹಿಂದುಗಡೆ ಜೋತಾಡುತ್ತಿದ್ದ ದಾರವನ್ನು, ಅವನು ಕನ್ನಡಿ ನೋಡಿಕೊಳ್ಳುತ್ತಿದ್ದಾಗಲೇ, ಕಚಕ್ಕೆಂದು ಕತ್ತರಿಸಿದ್ದಳು. ಆ ಮನುಷ್ಯ ಬೆಚ್ಚಿಬಿದ್ದಿದ್ದ. ಅದು ಅಜ್ಜಿಯ ಹುಟ್ಟುಗುಣವಲ್ಲ, ಹೊಟ್ಟೆಪಾಡು ಕಲಿಸಿದ ಗುಣ. ಜೋತುಬಿದ್ದ ದಾರ ಕಣ್ಣಿಗೆ ಬಿದ್ದರೆ ಕೈ ತಾನಾಗಿ ಎದ್ದುಬಿಡುತ್ತದೆ. ಮೊದಲ ಯಜಮಾನತಿ ಹೊಲಿಗೆ ಕಲಿಸುವಾಗ ದಾರ ಬಿಟ್ಟ ಬಟ್ಟೆಯನ್ನು ಮುಖದ ಮೇಲೇ ಎಸೆಯುತ್ತಿದ್ದಳು. ಒಮ್ಮೆ ಬಸ್ಸಿನಲ್ಲಿ ಮುಂದೆ ನಿಂತಿದ್ದ ಗಂಡಸಿನ ಅಂಗಿಯ ದಾರವನ್ನು, ಕತ್ತರಿ ಇಲ್ಲವೆಂದು, ಹಲ್ಲಿನಿಂದಲೇ ಕಡಿದಿದ್ದಳು.

"ಅವನ ಹೆಂಡತಿ ಪಕ್ಕದಲ್ಲೇ ಇದ್ಳಂತೆ" ಎಂದು ಯಜಮಾನ ಗುಂಡಿಗೆ ಕಾಜಾ ಹಾಕುವ ಹುಡುಗಿಗೆ ಹೇಳಿದ. "ಅಜ್ಜಿ ಅವನ ಬೆನ್ನಿಗೆ ಮುತ್ತು ಕೊಟ್ರು ಅಂತ ರಾದ್ಧಾಂತ!"

"ಮುತ್ತಾದ್ರೆ ಒರೆಸಿದ್ರೆ ಹೋಗುತ್ತೆ" ಎಂದಳು ಅಜ್ಜಿ. "ದಾರ ಬಿಟ್ರೆ ಇಡೀ ಹೊಲಿಗೆ ಬಿಚ್ಚುತ್ತೆ."

ಅಂದು ಸಂಜೆ ಸೊಸೆ ಪಾತ್ರೆ ತೊಳೆಯುತ್ತಿದ್ದಳು. ಗಿಣಿ ಮೂಲೆಯಲ್ಲಿ ಕುಳಿತು ಮುಚ್ಚಳಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದಳು. ಅಜ್ಜಿ ಮೇಜಿನ ಮೇಲೆ ಹೊದಿಕೆ ಹಾಸಿ ತಿಳಿನೀಲಿ ಅಂಗಿಯನ್ನು ಹರವಿದಳು. ದಿನವೂ ಇಸ್ತ್ರಿ ಮಾಡುವ ಪದ್ಧತಿ ಇರಲಿಲ್ಲ. ಆದರೆ ನಾಳೆ ದೊಡ್ಡ ಟೀಚರ್ ದಾಖಲೆ ಪುಸ್ತಕಕ್ಕೆ ಫೋಟೋ ತೆಗೆಯುತ್ತಾರೆಂದು ಚೀಟಿ ಬಂದಿತ್ತು.

"ಕಾಲರಿಗೆ ಮಾತ್ರ ಮಾಡಿ ಅತ್ತೆ" ಎಂದಳು ಸೊಸೆ. "ಬಟ್ಟೆ ಬಿರುಸಾದ್ರೆ ಕಷ್ಟ."

"ನನಗೆ ಹೇಳಿಕೊಡ್ತೀಯಾ? ಕಾಲರು, ಜೇಬು. ಅಷ್ಟೇ."

"ನಾಳೆ ಆಗೋಯ್ತು ಅಂದ್ರೆ ಭಾನುವಾರ ನಾನು ಹತ್ತು ಗಂಟೆವರೆಗೆ ಮಲಗ್ತೀನಿ. ಯಾರೂ ಎಬ್ಬಿಸಬಾರದು."

"ಹನ್ನೊಂದರವರೆಗೆ ಮಲಗು. ನಿನ್ನ ಕಣ್ಣ ಕೆಳಗಿನ ಚೀಲದಲ್ಲಿ ಎರಡು ಕಿಲೋ ತರಕಾರಿ ಹಿಡಿಯುತ್ತೆ."

ಸೊಸೆ ನಕ್ಕಳು. ಒದ್ದೆ ಕೈಯನ್ನು ಬಾಯಿಗೆ ಅಡ್ಡ ಹಿಡಿದು, ಗಿಣಿ ಬೆಚ್ಚದಂತೆ, ಸದ್ದಿಲ್ಲದೆ ಮೈ ಕುಲುಕಿಸಿ ನಕ್ಕಳು. ಎಷ್ಟು ದಿನವಾಗಿತ್ತೋ ಅವಳು ನಕ್ಕು. ಅದನ್ನು ನೋಡುತ್ತ ಅಜ್ಜಿಗೂ ನಗು ಬಂತು. ಹಾಗೆ ನಗುತ್ತಲೇ ಅಂಗಿಯನ್ನು ಎತ್ತಿ ಕೊಡವಿದಳು. ಎಡತೋಳಿನ ಅಂಚಿನಲ್ಲಿ ಬೆರಳುದ್ದದ ಒಂದು ದಾರ ಜೋತುಬಿದ್ದಿತ್ತು, ಕೊಳೆಯಾಗಿ, ನುಲಿದು, ತುದಿಯಲ್ಲಿ ಸಣ್ಣ ಗಂಟಾಗಿ. ಕತ್ತರಿ ಯಾವಾಗ ಕೈಗೆ ಬಂತೋ, ಯಾವಾಗ ಕಚಕ್ಕೆಂದಿತೋ, ಅಜ್ಜಿಗೆ ಅದರ ಪರಿವೆಯೇ ಇರಲಿಲ್ಲ. ಅಂಗಿ ಮಡಿಸಿದಳು. ಮೇಜಿನ ಕೆಳಗಿನ ಕಸವನ್ನು ಸೊಸೆ ಗುಡಿಸಿ ಬುಟ್ಟಿಗೆ ಹಾಕಿದಳು.

ಬೆಳಗ್ಗೆ ಎಲ್ಲವೂ ಎಂದಿನಂತೆಯೇ ಶುರುವಾಯಿತು. ಫ್ಯಾನು ಆರಿತು. ಬಟ್ಟೆಗಳು ಸಾಲಾಗಿ ಕುಳಿತವು. ಗಿಣಿ ತಾನಾಗಿಯೇ ಬಂದು ಮಂಚದ ಪಕ್ಕ ನಿಂತಳು. ಕಾಲು ಎಂದಾಗ ಕಾಲು ಕೊಟ್ಟಳು, ತಲೆ ಎಂದಾಗ ತಲೆ ಬಾಗಿಸಿದಳು. ಗಡಿಯಾರದಲ್ಲಿ ಏಳೂ ಇಪ್ಪತ್ತೈದು. ಇಷ್ಟು ಸಲೀಸಾಗಿ ಯಾವ ದಿನವೂ ಆಗಿರಲಿಲ್ಲ. ಅಂಗಿ ಎತ್ತಿಕೊಂಡು ಅಜ್ಜಿ, "ಕೈ" ಎಂದಳು.

ಎಡಗೈ ಒಳಗೆ ಹೋಯಿತು, ತೋಳಿನ ತುದಿಯಲ್ಲಿ ಹೊರಗೆ ಬಂತು. ಬೆರಳುಗಳು ಅಂಚನ್ನು ತಡಕಿದವು. ಮತ್ತೆ ತಡಕಿದವು. ಗಿಣಿಯ ಮೂಗಿನ ಸ್ವರ ತಗ್ಗುವ ಬದಲು ಒಂದು ಮೆಟ್ಟಿಲು ಮೇಲೇರಿತು. ಅಜ್ಜಿ ಬಲತೋಳು ಬಿಡಿಸಿ ಹಿಡಿದು ಕಾದಳು. ಬಲಗೈ ಬರಲಿಲ್ಲ. ಗಿಣಿ ಎಡಗೈಯನ್ನು ಸರಕ್ಕನೆ ಹೊರಗೆಳೆದುಕೊಂಡಳು.

ಗಾಬರಿಯಾಗಬಾರದು. ಅಜ್ಜಿ ಹೆಗಲು ಒತ್ತಿದಳು, ಹತ್ತರವರೆಗೆ ಎಣಿಸಿದಳು. "ಕೈ." ಎಡಗೈ ಮತ್ತೆ ಹೋಯಿತು, ಮತ್ತೆ ತಡಕಿತು, ಮತ್ತೆ ಹೊರಬಂತು. ಈಗ ಸ್ವರ ಸ್ವರವಾಗಿರಲಿಲ್ಲ.

ಇಸ್ತ್ರಿಯಿಂದಲೇ ಇರಬೇಕು, ಬಟ್ಟೆ ಬಿರುಸಾಗಿದೆ. ಅಜ್ಜಿ ಕಾಲರನ್ನು, ಜೇಬನ್ನು ಅಂಗೈಯಲ್ಲಿ ಉಜ್ಜಿ ಮೆತ್ತಗೆ ಮಾಡಿದಳು. ಆಗಲಿಲ್ಲ. ಗಿಣಿ ಅಜ್ಜಿಯ ಕೈಯನ್ನು ಹಿಡಿದಳು. ಅವಳು ಯಾರ ಕೈಯನ್ನೂ ತಾನಾಗಿ ಹಿಡಿಯುವವಳಲ್ಲ. ಹಿಡಿದು ತೋಳಿನ ಅಂಚಿನ ಮೇಲೆ ಒತ್ತಿದಳು. ಬಿಟ್ಟಳು. ಮತ್ತೆ ಹಿಡಿದು ಅಲ್ಲೇ ಒತ್ತಿದಳು.

"ಏನು ಬಂಗಾರ? ಇಲ್ಲಿ ಏನು? ಚುಚ್ಚುತ್ತಾ?" ಎಂದಳು ಅಜ್ಜಿ. ಮೂರೇ ಮಾತಿನ ಕಟ್ಟಳೆ ಮುರಿದು ಬಿದ್ದದ್ದು ಅವಳಿಗೇ ತಿಳಿಯಲಿಲ್ಲ.

ಅಲ್ಲಿ ಗುಂಡಿ ಇತ್ತು. ಗುಂಡಿ ಒತ್ತುತ್ತಿರಬೇಕು! ಹೊಲಿಗೆಯವಳ ತಲೆಗೆ ಹೊಲಿಗೆಯ ಉಪಾಯವೇ ಹೊಳೆಯುವುದು. ಅಜ್ಜಿ ಬ್ಲೇಡು ತಂದು ಗುಂಡಿಯನ್ನು ಬಿಚ್ಚಿ ತೆಗೆದಳು. ಗಿಣಿ ಅದನ್ನು ನೋಡಿದಳು. ಅವಳು ತೋರಿಸಿದ ಜಾಗದಲ್ಲಿ ಮೊದಲೇ ಒಂದು ಇರಲಿಲ್ಲ, ಈಗ ಇನ್ನೊಂದೂ ಇಲ್ಲ. ಅವಳು ತನ್ನ ಕೈಯನ್ನೇ ಕಚ್ಚಿಕೊಂಡಳು.

ಏಳೂ ಐವತ್ತು.

ಅಂಗಿ ನೆಲದ ಮೇಲೆ ಬಿದ್ದಿತ್ತು. ಗಿಣಿ ಅದರ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಎಡಗೈಯ ತೋರುಬೆರಳಿನ ಸುತ್ತ ಬಲಗೈಯಿಂದ ಏನನ್ನೋ ಸುತ್ತುತ್ತಿದ್ದಳು. ಸುತ್ತಲು ಅಲ್ಲಿ ಏನೂ ಇರಲಿಲ್ಲ. ಒಂದು ಸುತ್ತು, ಎರಡು ಸುತ್ತು. ಬಿಚ್ಚುವುದು. ಒಂದು ಸುತ್ತು, ಎರಡು ಸುತ್ತು.

ಅಜ್ಜಿಗೆ ಆಗ ನೆನಪಾಯಿತು. ಬೆರಳುದ್ದದ ದಾರ, ಕೊಳೆಯಾದದ್ದು, ನುಲಿದದ್ದು. ಹದಿನಾರು ದಿನ ಮಗು ನುಲಿದು ನುಲಿದು ಅದು ಹಾಗಾಗಿತ್ತು. ತುದಿಯಲ್ಲಿ ಗಂಟು ಹಾಕಿದವಳೂ ಅವಳೇ. ಫ್ಯಾನು, ಹೊದಿಕೆಯ ಬಿಸಿ, ಹೆಗಲ ಒತ್ತು, ಎಲ್ಲವೂ ತನ್ನ ಜಾಣತನವೆಂದು ಅಜ್ಜಿ ಬೀಗಿದ್ದಳು. ಅವೂ ಬೇಕಿದ್ದವು, ಇಲ್ಲವೆಂದಲ್ಲ. ಆದರೆ ಬಲಗೈ ಬರುತ್ತಿದ್ದದ್ದು ಆ ದಾರ ಬೆರಳಿಗೆ ಎರಡು ಸುತ್ತು ಬಿದ್ದ ಮೇಲೆ. ಬಟ್ಟೆ ಹಾಕಿಕೊಳ್ಳುವ ಉಪಾಯವನ್ನು ಮಗು ತಾನೇ ಕಂಡುಹಿಡಿದುಕೊಂಡಿತ್ತು. ಅಜ್ಜಿ ಅದನ್ನು ಕತ್ತರಿಸಿ ಹಾಕಿದ್ದಳು.

ಅಡಿಗೆಮನೆಗೆ ಓಡಿ ಕಸದ ಬುಟ್ಟಿಗೆ ಕೈಹಾಕಿದಳು. ಬುಟ್ಟಿ ಖಾಲಿ. ಸೊಸೆ ಬೆಳಗ್ಗೆ ಹೋಗುವಾಗ ಕಸ ತೆಗೆದುಕೊಂಡು ಹೋಗಿದ್ದಳು. ದಿನವೂ ಅತ್ತೆಯೇ ಒಯ್ಯುವ ಕಸವನ್ನು, ಇವತ್ತೊಂದು ದಿನ ಅವರಿಗೆ ಕೆಲಸ ಕಡಿಮೆಯಾಗಲೆಂದು. ಮೇಜಿನ ಕೆಳಗೆ ಅಜ್ಜಿ ಮೊಣಕಾಲೂರಿ ಅಂಗೈಯಿಂದ ನೆಲ ಸವರಿದಳು. ಒಂದು ಎಳೆಯೂ ಇರಲಿಲ್ಲ. ಸೊಸೆಯ ಗುಡಿಸುವಿಕೆ ಯಾವತ್ತೂ ಚೊಕ್ಕಟ.

ದಾರದ ಡಬ್ಬಿ ತೆರೆದು ತಿಳಿನೀಲಿ ದಾರ ತೆಗೆದಳು. ಲಕ್ಷ ಸಲ ಸೂಜಿಗೆ ದಾರ ಪೋಣಿಸಿದ ಕೈಗೆ ಈಗ ಸೂಜಿಯ ಕಣ್ಣು ಸಿಗಲಿಲ್ಲ. ಹಿಂದೆ ಗೋಡೆಗೆ ತಲೆ ಬಡಿಯುವ ಸದ್ದು ಶುರುವಾಯಿತು, ಒಂದೇ ಅಳತೆಯಲ್ಲಿ. ಅಜ್ಜಿ ಓಡಿಹೋಗಿ ಗೋಡೆಗೂ ತಲೆಗೂ ನಡುವೆ ದಿಂಬು ಹಿಡಿದಳು. ಒಂದು ಕೈಯಲ್ಲಿ ದಿಂಬು, ಇನ್ನೊಂದರಲ್ಲಿ ಸೂಜಿ, ಹಲ್ಲಿನಲ್ಲಿ ದಾರ. ಹೇಗೋ ಪೋಣಿಸಿದಳು, ಅಂಚಿಗೆ ಹೊಲಿದಳು, ಬೆರಳುದ್ದ ಬಿಟ್ಟಳು. ನುಲಿದಳು, ಗಂಟು ಹಾಕಿದಳು, ಕೊಳೆಯಾಗಲೆಂದು ಮೆಟ್ಟಿಲ ಬಳಿಯ ಧೂಳಿಗೆ ಉಜ್ಜಿದಳು.

"ನೋಡು ಗಿಣಿ. ನೋಡು. ಬಂತು."

ಗಿಣಿಯ ಬಡಿತ ನಿಂತಿತು. ಅವಳು ಅಂಚನ್ನು ಹಿಡಿದಳು. ದಾರವನ್ನು ತೋರುಬೆರಳಿಗೆ ಒಂದು ಸುತ್ತು ಸುತ್ತಿದಳು. ಎರಡನೆಯ ಸುತ್ತು ಬೀಳುವ ಮೊದಲೇ ಹೊಸ ದಾರ ಸರ್ರನೆ ಜಾರಿ ಬಿಚ್ಚಿಕೊಂಡಿತು. ಮಗು ಇನ್ನೊಮ್ಮೆ ಸುತ್ತಿತು, ಇನ್ನೊಮ್ಮೆ ಜಾರಿತು. ಗಿಣಿ ಅಂಗಿಯನ್ನು ಮೆಲ್ಲಗೆ ಕೆಳಗಿಟ್ಟಳು. ಎಸೆಯಲಿಲ್ಲ. ಆ ಇಡುವ ರೀತಿ ನೋಡಿಯೇ ಅಜ್ಜಿಗೆ ಗೊತ್ತಾಯಿತು, ಇನ್ನು ಇಲ್ಲ. ಆಮೇಲೆ ಬಂದ ಕಿರುಚಾಟ ಕೆಳಗಿನ ಬೀದಿಯವರೆಗೂ ಕೇಳಿಸಿರಬೇಕು.

ಹಾರನ್ನು ಕೇಳಿಸಿತು. ಒಂದು ಸಲ ಮಾತ್ರ, ಚಿಕ್ಕದಾಗಿ.

ವ್ಯಾನಿನ ಆಯಾ ಮೆಟ್ಟಿಲು ಹತ್ತಿ ಬಂದಳು. ಒಳ್ಳೆಯ ಹೆಂಗಸು. ಬಾಗಿಲಲ್ಲೇ ನಿಂತು ಎಲ್ಲವನ್ನೂ ಒಂದೇ ನೋಟಕ್ಕೆ ಕಂಡುಕೊಂಡಳು.

"ಅಯ್ಯೋ ಅಜ್ಜಿ. ಇವತ್ತೇ ಆಗಬೇಕಿತ್ತಾ?"

"ಹತ್ತು ನಿಮಿಷ ಕೊಡವ್ವ. ಹತ್ತೇ ನಿಮಿಷ. ನಿನ್ನ ಕಾಲು ಹಿಡ್ಕೋತೀನಿ."

"ಹಾಗನ್ನಬೇಡಿ. ನನ್ನ ಕೈಲಿ ಏನಿದೆ? ಒಳಗೆ ಒಬ್ಬ ಆಗಲೇ ಶುರು ಮಾಡಿದಾನೆ."

"ಈ ಹೊದಿಕೆ ಸುತ್ತಿಕೊಂಡು ಬರ್ತೀನಿ. ಎತ್ತಿಕೊಂಡು ಬರ್ತೀನಿ ನಾನೇ."

ಆಯಾ ಅಜ್ಜಿಯ ಮಣಿಕಟ್ಟಿನ ಕಡೆ ನೋಡಿದಳು, ಗಿಣಿಯ ಉದ್ದನೆಯ ಕಾಲುಗಳ ಕಡೆ ನೋಡಿದಳು. "ಎತ್ತಿಕೊಂಡು ಬಂದ್ರೆ ಬರೆದುಕೊಳ್ಳೋ ಹಾಗಿಲ್ಲ ಅಜ್ಜಿ. ನಡೆದು ಬರಬೇಕು" ಎಂದು ಮೆಲ್ಲಗೆ ಹೇಳಿದಳು. "ನಿನ್ನೆ ಎಷ್ಟು ಚೆನ್ನಾಗಿ ಬಂದ್ಳು. ಕಿಟಕಿ ಪಕ್ಕ ಅವಳ ಜಾಗದಲ್ಲಿ ಬೇರೆ ಯಾರೂ ಕೂರೋದಿಲ್ಲ ಗೊತ್ತಾ?"

ಕೆಳಗಿಂದ ಡ್ರೈವರ್ ಕೂಗಿದ. ಆಯಾ ಇಳಿದು ಹೋದಳು. ಅಜ್ಜಿ ಕಿಟಕಿಗೆ ಹೋಗಲಿಲ್ಲ. ಗಾಡಿ ತಿರುವು ದಾಟಿ ಏರು ಹತ್ತುವ ಸದ್ದು, ಅವಳು ದಿಂಬು ಹಿಡಿದುಕೊಂಡಿದ್ದಲ್ಲಿಗೇ ಕೇಳಿಸಿತು.

ಒಂಬತ್ತರ ಹೊತ್ತಿಗೆ ಗಿಣಿ ದಣಿದು, ಹಾಕಿದ್ದನ್ನೂ ಕಿತ್ತೊಗೆದು, ಬರಿಮೈಯಲ್ಲೇ ಹೊದಿಕೆಯೊಳಗೆ ಮುದುಡಿ ಮಲಗಿದಳು. ಹಣೆ ಊದಿಕೊಂಡಿತ್ತು. ಅಜ್ಜಿ ಶಾಲೆಗೆ ಫೋನು ಮಾಡಿದಳು.

"ತಪ್ಪು ನನ್ನದು ಮೇಡಂ, ಮಗೂದಲ್ಲ. ನಾನು ದಾರ ಕತ್ತರಿಸಿಬಿಟ್ಟೆ."

"ಏನು ಕತ್ತರಿಸಿದಿರಿ?" ದೊಡ್ಡ ಟೀಚರ್ ಗಾಬರಿಯಾದರು.

"ದಾರ. ತೋಳಿನ ದಾರ. ಅದನ್ನ ಸುತ್ತಿಕೊಂಡರೇ ಅವಳಿಗೆ ಬಟ್ಟೆ. ನನಗೆ ಗೊತ್ತಿರಲಿಲ್ಲ. ಇನ್ನೊಂದು ವಾರ ಕೊಟ್ರೆ ಹೊಸ ದಾರಾನೂ ಹಳೇದಾಗುತ್ತೆ."

"ಅಮ್ಮ, ನೀವು ಹೇಳೋದು ನನಗೆ ಅರ್ಥ ಆಗುತ್ತೆ. ಎಲ್ಲ ಮನೆಯಲ್ಲೂ ಇಂಥದ್ದೇ ಏನಾದರೂ ಇರುತ್ತೆ. ಆದರೆ ನಿಮ್ಮ ಹಿಂದೆ ಒಂಬತ್ತು ಮಕ್ಕಳಿದಾರೆ. ಒಬ್ಬರಿಗೆ ಒಂದು ವಾರ ಕೊಟ್ಟರೆ ಉಳಿದವರಿಗೆ ನಾನು ಏನು ಹೇಳಲಿ? ಹೆಸರು ಮತ್ತೆ ಪಟ್ಟಿಗೆ ಹಾಕ್ತೀನಿ."

"ಮತ್ತೆ ಯಾವಾಗ ಬರುತ್ತೆ?"

"ಎರಡು ವರ್ಷ ಆಗಬಹುದು."

ಎರಡು ವರ್ಷಕ್ಕೆ ಗಿಣಿಗೆ ಹತ್ತು, ಅಜ್ಜಿಗೆ ಎಪ್ಪತ್ತೆರಡು. ಲೆಕ್ಕ ಸುಲಭದ್ದೇ ಇತ್ತು.

ಸೊಸೆ ಎರಡಕ್ಕೆ ಬಂದಳು, ಸೋಪಿನ ವಾಸನೆ ಹೊತ್ತುಕೊಂಡು, ಬೆರಳುಗಳೆಲ್ಲ ಬಿಳಿಚಿಕೊಂಡು. ಬಾಗಿಲು ತೆರೆದವಳು ಗಿಣಿಯ ಚಪ್ಪಲಿ ನೋಡಿದಳು. ಆ ಹೊತ್ತಿಗೆ ಮನೆಯಲ್ಲಿ ಇರಬಾರದ ಚಪ್ಪಲಿ. ಕೋಣೆಗೆ ಹೋಗಿ ಮಗಳ ಹಣೆ ಮುಟ್ಟದೆ ನೋಡಿ ಬಂದು ಕುರ್ಚಿಯಲ್ಲಿ ಕುಳಿತಳು.

ಅಜ್ಜಿ ನಿಂತೇ ಇದ್ದಳು. ಬೆಳಗಿನಿಂದ ಅವಳು ಈ ಮಾತಿಗೆ ತಯಾರಾಗಿದ್ದಳು. ಸೊಸೆ ಬೈಯಬೇಕು, ಕೂಗಾಡಬೇಕು, ಕತ್ತರಿ ತೆಗೆದು ಕಿಟಕಿಯಾಚೆ ಎಸೆಯಬೇಕು. ಆಗ ಒಂದಿಷ್ಟು ಹಗುರಾದೀತು.

"ನಾನು ಮಾಡಿದ್ದು ಕಣೆ" ಎಂದಳು. "ನಿನ್ನೆ ಇಸ್ತ್ರಿ ಮಾಡುವಾಗ." ಎಲ್ಲವನ್ನೂ ಹೇಳಿದಳು. ದಾರ, ಗುಂಡಿ, ಕಸದ ಬುಟ್ಟಿ, ಒಂದನ್ನೂ ಬಿಡಲಿಲ್ಲ.

ಸೊಸೆ ಕೇಳಿದಳು. ಕೊನೆಗೆ, "ಕಸ ಒಯ್ದಿದ್ದು ನಾನು" ಎಂದಳು.

"ಕಸದ ಮಾತು ಬಿಡೆ. ನನ್ನ ಬೈಯಿ."

"ಬೈದು ಏನಾಗಬೇಕು ಅತ್ತೆ?" ಸೊಸೆಯ ದನಿಯಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ. "ಇವತ್ತು ದಾರ. ದಾರ ಇದ್ದಿದ್ರೆ ನಾಳೆ ಅಂಗಿ ಚಿಕ್ಕದಾಗ್ತಿತ್ತು. ಅಂಗಿ ಸರಿಹೋಗಿದ್ರೆ ನಿಮಗೆ ಜ್ವರ ಬರ್ತಿತ್ತು. ನಾವು ಬೆರಳುದ್ದದ ದಾರಕ್ಕೆ ನೇತು ಬಿದ್ದಿದ್ವಿ ಅನ್ನೋದು ನಮಗೇ ಗೊತ್ತಿರಲಿಲ್ಲ ನೋಡಿ. ಅದು ಗೊತ್ತಾದ ಮೇಲೆ ನನಗೆ ಇನ್ನೂ ಹೆದರಿಕೆ ಆಗ್ತಿದೆ."

ಅವಳು ಎದ್ದು ಮೇಜಿನ ಖಾನೆ ತೆರೆದು ಫಾರಂ ತೆಗೆದಳು. ಅಜ್ಜಿ ತಡೆಯಲಿಲ್ಲ. ತಡೆಯುವುದಿಲ್ಲವೆಂದು ಮಾತು ಕೊಟ್ಟವಳು ಅವಳೇ ತಾನೆ. ಎದುರು ಕುರ್ಚಿ ಎಳೆದು ಕುಳಿತಳು. ಸೊಸೆ ಪೆನ್ನು ಹಿಡಿದು ಹುಟ್ಟಿದ ದಿನ, ತೂಕ, ಎತ್ತರ ತುಂಬಿದಳು. ತಂದೆಯ ಹೆಸರಿನ ಮುಂದೆ ಒಂದು ಗೆರೆ ಎಳೆದಳು. ಎರಡನೆಯ ಪುಟದಲ್ಲಿ ಅವಳ ಪೆನ್ನು ನಿಂತಿತು.

"ಬಟ್ಟೆ ಹಾಕಿಕೊಳ್ಳಲು ಸಹಾಯ ಬೇಕೆ, ಬೇಕಿದ್ದರೆ ವಿವರಿಸಿ" ಎಂದು ಓದಿದಳು. "ಏನು ಬರೀಲಿ ಅತ್ತೆ?"

ಕೆಳಗೆ ಚುಕ್ಕಿ ಚುಕ್ಕಿಯಾಗಿ ಒಂದು ಸಾಲಿತ್ತು.

"ಬರಿ" ಎಂದಳು ಅಜ್ಜಿ. "ಮೊದಲು ಫ್ಯಾನ್ ಆರಿಸಬೇಕು. ಬಟ್ಟೆ ಬೆಚ್ಚಗಿರಬೇಕು, ಬಿಸಿ ಅಲ್ಲ, ಮೈ ಬೆಚ್ಚಗಿರೋಷ್ಟು. ಎಡದಿಂದ ಬಲಕ್ಕೆ ಇಡಬೇಕು. ಹೆಗಲು ಗಟ್ಟಿಯಾಗಿ ಒತ್ತಬೇಕು, ಸವರಬಾರದು. ಸವರಬಾರದು ಅನ್ನೋದರ ಕೆಳಗೆ ಗೆರೆ ಎಳಿ. ಕಾಲುಚೀಲ ಒಳಮೈ ಹೊರಗೆ. ಬೇಗ ಅನ್ನಬಾರದು. ಎಡತೋಳು ಮೊದಲು. ಆಮೇಲೆ ಅವಳ ಎಡಗೈ ಬೆರಳಿಗೆ ಸುತ್ತಿಕೊಳ್ಳೋಕೆ ಏನಾದ್ರೂ ಬೇಕು. ಹಳೇದಾಗಿರಬೇಕು, ಜಾರಬಾರದು..."

ಸೊಸೆ ಬರೆಯುತ್ತಿದ್ದಳು. ಸಾಲು ತುಂಬಿ ಅಕ್ಷರಗಳು ಅಂಚಿಗೆ ಹೋದವು, ಅಂಚಿನಲ್ಲಿ ಮೇಲಕ್ಕೆ ಹತ್ತಿದವು, ಹಾಳೆ ತಿರುಗಿಸಿಕೊಂಡು ಮತ್ತೆ ಬರೆದಳು. ಆಮೇಲೆ ನಿಲ್ಲಿಸಿದಳು.

"ಯಾಕೆ? ಹೇಳಿದ್ದು ಜಾಸ್ತಿ ಆಯ್ತಾ?"

"ಅಲ್ಲಿ ಹದಿನಾಲ್ಕು ಮಕ್ಕಳಿಗೆ ಇಬ್ಬರು ಆಯಾ, ಅತ್ತೆ. ಹೋದ ವರ್ಷ ನೋಡೋಕೆ ಹೋಗಿದ್ನಲ್ಲ. ಒಬ್ಬಳು ಹಿಡ್ಕೋತಾಳೆ, ಇನ್ನೊಬ್ಬಳು ಹಾಕ್ತಾಳೆ. ಒಂದು ಮಗೂಗೆ ಮೂರು ನಿಮಿಷ."

ಅಜ್ಜಿ ಹಾಳೆಯಿಂದ ಮುಖ ಎತ್ತಿದಳು. "ಅತ್ತರೆ?"

"ಅಳ್ತಾರೆ."

ಪಕ್ಕದ ಕೋಣೆಯಲ್ಲಿ ಗಿಣಿ ಎದ್ದಿದ್ದಳು. ಮೂಗಿನ ಒಂದೇ ಸ್ವರ ಶುರುವಾಗಿತ್ತು, ತಗ್ಗಿದ ಸ್ವರ, ಏನೂ ಆಗಿಲ್ಲವೆಂಬಂತೆ.

ಫಾರಂ ಜೊತೆ ಖಾಲಿ ಪ್ರತಿ ಇನ್ನೊಂದಿತ್ತು. ಸೊಸೆ ಗೀಚಿ ತುಂಬಿದ್ದನ್ನು ಪಕ್ಕಕ್ಕಿಟ್ಟು ಅದನ್ನು ಎಳೆದುಕೊಂಡಳು. ಹುಟ್ಟಿದ ದಿನ, ತೂಕ, ಎತ್ತರ ಮತ್ತೆ ಬರೆದಳು. ಎರಡನೆಯ ಪುಟಕ್ಕೆ ಬಂದು, ಆ ಚುಕ್ಕಿ ಸಾಲಿನ ಮೇಲೆ, "ಬೇಕು" ಎಂದಷ್ಟೇ ಬರೆದಳು. ಸಾಲಿನಲ್ಲಿ ಇನ್ನೂ ಬೇಕಾದಷ್ಟು ಜಾಗ ಉಳಿದಿತ್ತು. ಅಜ್ಜಿ ಆ ಜಾಗವನ್ನೇ ನೋಡುತ್ತ ಕುಳಿತಳು.

ಮುಂದಿನ ಪ್ರಶ್ನೆ ಊಟದ್ದು.